ಗೇಟ್‌ಮ್ಯಾನ್ ತಮ್ಮ ಬಂದನೋ, ಇಲ್ಲವೋ?

ಟಿವಿ ರಿಪೇರಿ ಮಾಡಿದವನ ಹಣೆಬರಹವೇ ಇಷ್ಟು. ಟಿವಿ ಸತ್ತು ಇಪ್ಪತ್ತು ವರ್ಷವಾಗಿದ್ದರೂ ಅದರ ಯಜಮಾನ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಗಟ್ಟಿ, "ಏನ್ರೀ, ನೀವು ಮುಟ್ಟಿದ ಮೇಲೇ ಅಲ್ವೇನ್ರೀ ಅದು ಹೋಗಿದ್ದು?" ಅನ್ನುತ್ತಾನೆ. ಇಂಥವು ನನಗೆ ವಾರಕ್ಕೊಂದಾದರೂ ಆಗುತ್ತವೆ, ಅಭ್ಯಾಸವಾಗಿಬಿಟ್ಟಿದೆ. ಆದರೆ ಈಚೆಗೆ ಗಂಟುಬಿದ್ದಿರುವುದು ಬೇರೆಯೇ ಜಾತಿಯ ಜನ. ಹಳೇ ಟಿವಿ ನೆನೆಸಿಕೊಂಡು ಕಣ್ಣೀರು ಹಾಕುವವರು.

ಅಂಗಡಿ ಇದ್ದದ್ದು ಚನ್ನಗಿರಿಯಲ್ಲಿ. ಮಂಗಳವಾರ ಹೊನ್ನಾಳಿ, ಗುರುವಾರ ನ್ಯಾಮತಿ, ತಿಂಗಳಿಗೊಮ್ಮೆ ಜಗಳೂರು ಕಡೆಗೆ ಬ್ಯಾಗು ಹಾಕಿಕೊಂಡು ಹೋಗುತ್ತಿದ್ದೆ. ಆಗ ಭಾನುವಾರ ಬೆಳಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಯಾವುದೋ ಬಯಲಲ್ಲಿ ಒಂದು ರೈಲ್ವೆ ಗೇಟು, ಅದಕ್ಕೊಬ್ಬ ಗೇಟ್‌ಮ್ಯಾನ್. ಮನೆ ಬಿಟ್ಟು ಓಡಿಹೋದ ತಮ್ಮ ಇವತ್ತಿನ ರೈಲಿಗೆ ಬರುತ್ತಾನೆ ಅಂತ ವಾರವಾರವೂ ಕಾಯುತ್ತಾನೆ. ಇಷ್ಟೇ ಕತೆ. ಇಷ್ಟನ್ನೂ ಯಾರೂ ಪೂರ್ತಿ ನೋಡಿದ್ದಿಲ್ಲ. ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಕರೆಂಟ್ ತೆಗೆಯುತ್ತಿದ್ದರು. ಚನ್ನಗಿರಿಗೆ ಶುರುವಿನಲ್ಲಿ ಹೋದರೆ ಹೊನ್ನಾಳಿಗೆ ನಡುವೆ, ಜಗಳೂರಿಗೆ ಕೊನೆಯಲ್ಲಿ. ಕರೆಂಟ್ ಇದ್ದ ಕಡೆ ಪರದೆ ತುಂಬಾ ಅಕ್ಕಿಕಾಳು ಚೆಲ್ಲಿದ ಹಾಗೆ ಚುಕ್ಕಿ. ಹಿಂದಿ ಸರಿಯಾಗಿ ಬರುತ್ತಿದ್ದವರು ನನ್ನ ಗಿರಾಕಿಗಳಲ್ಲಿ ನ್ಯಾಮತಿ ಟೈಲರ್ ಸಾಹೇಬರೊಬ್ಬರೇ. ಅವರ ಓಣಿಗಂತೂ ಭಾನುವಾರ ಕರೆಂಟೇ ಇರುತ್ತಿರಲಿಲ್ಲ.

ಹಾಗಾಗಿ ಎಲ್ಲರೂ ಕೇಳುತ್ತಿದ್ದದ್ದು ನನ್ನನ್ನು. "ಟಿವಿಯೋರಿಗೆ ಗೊತ್ತಿಲ್ದೆ ಇರ್ತೈತಾ? ಮುಂದೆ ಏನಾಯ್ತು ಹೇಳ್ರಿ." ಹೇಳಿದರೆ ಮಂಡಕ್ಕಿ, ಮೆಣಸಿನಕಾಯಿ, ಟೀ. ಹೇಳದಿದ್ದರೆ ಬರೀ ಟೀ. ನಾನು ಹೇಳುತ್ತಿದ್ದೆ.

ಈಗ ಬಾಯಿ ಬಿಟ್ಟೇ ಹೇಳುತ್ತೇನೆ, ಆ ಧಾರಾವಾಹಿಯ ಒಂದೇ ಒಂದು ಕಂತನ್ನೂ ನಾನು ನೋಡಿಲ್ಲ. ಭಾನುವಾರ ಆ ಹೊತ್ತಿಗೆ ನಾನು ಯಾರದೋ ಮಾಳಿಗೆ ಮೇಲೆ ಆಂಟೆನಾ ಹಿಡಿದು ನಿಂತಿರುತ್ತಿದ್ದೆ. ಹೇಳಿದ್ದೆಲ್ಲ ಬುರುಡೆ. ಈ ಬುರುಡೆ ಯಾರಿಗೆ ಗೊತ್ತಾದರೂ ನನಗೇನೂ ಹೆದರಿಕೆ ಇರಲಿಲ್ಲ, ನನ್ನ ಹೆಂಡತಿ ಒಬ್ಬಳನ್ನು ಬಿಟ್ಟು. ಮದುವೆಗೆ ಮುಂಚೆ, ಗುರುವಾರ ನ್ಯಾಮತಿ ಮುಗಿಸಿ, "ಪಿಕ್ಚರ್ ಹೆಂಗೆ ಬರ್ತೈತೆ?" ಅನ್ನುವ ನೆಪ ಮಾಡಿಕೊಂಡು ಗೋವಿನಕೋವಿಯ ಅವಳ ಅಪ್ಪನ ಮನೆಗೆ ಹೋಗುತ್ತಿದ್ದೆ. ಅವಳು ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಆ ಕತೆ ಹೇಳಿಯೇ ಅವಳನ್ನು ಮದುವೆಯಾದೆ ಅಂದರೂ ಸರಿ. ಅದೆಲ್ಲ ಸುಳ್ಳು ಅಂತ ಅವಳಿಗೆ ತಿಳಿದರೆ ಸಂಸಾರದಲ್ಲಿ ನನಗೆ ಉಳಿದಿರುವ ಒಂದು ಹಿಡಿ ಮರ್ಯಾದೆಯೂ ಹೋಗುತ್ತಿತ್ತು.

೧. ಹಸಿರು ಕಾಲಿನ ಮನುಷ್ಯ

ನಮ್ಮ ಚನ್ನಗಿರಿಯಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರು ಇದ್ದಾರೆ. ಬೆಳಗ್ಗೆ ಹೋಟೆಲ್ಲಿಗೆ ಬಂದು ಕೂತರೆ ಅವರ ಬಾಯಲ್ಲಿ ಹಳೇ ಕಾಲ ಬಿಟ್ಟು ಬೇರೆ ಮಾತಿಲ್ಲ. ಈಗಿನ ಟಿವಿಯವರು ಮುಠ್ಠಾಳರು, ನೋಡುವವರು ಅವರಿಗಿಂತ ಮುಠ್ಠಾಳರು. ಒಂದು ದಿನ ಅರ್ಧ ಇಡ್ಲಿ ಕೈಯಲ್ಲಿ ಹಿಡಿದು ಹೇಳಿದರು:

"ಬಣ್ಣ ಅಂದ್ರೆ ಆವಾಗಿಂದು ಕಣ್ರೀ! ಆ ಗೇಟ್‌ಮ್ಯಾನ್ ಬಾವುಟ ನೆನಪೈತಾ? ಎಂಥಾ ಹಸಿರು! ಈಗಿನೋರ ಹತ್ರ ಅಂಥ ಹಸಿರು ಎಲ್ಲೈತೆ?"

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ನಿಮ್ಮದು ಬ್ಲ್ಯಾಕ್ ಅಂಡ್ ವೈಟ್ ಟಿವಿ."

"ಏನ್ರೀ ಮಾತಾಡ್ತೀರಿ? ನಮ್ಮದು ಕಲರ್!"

"ಕಲರ್ ಅಲ್ಲ. ಪರದೆ ಮುಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಟ್ಟವನೇ ನಾನು. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ನಿಮ್ಮ ಮನೇಲಿ ಆ ಗೇಟ್‌ಮ್ಯಾನಿಗೆ ತಲೆ ನೀಲಿ, ಹೊಟ್ಟೆ ಕಿತ್ತಳೆ, ಕಾಲು ಹಸಿರು. ಬಾವುಟ ಕೆಳಗೆ ಇಳಿಸಿದಾಗ ಅದೂ ಹಸಿರಾಗ್ತಿತ್ತು, ಮೇಲೆ ಎತ್ತಿದಾಗ ನೀಲಿ."

ಹೋಟೆಲಿನವರೆಲ್ಲ ನಕ್ಕರು. ನಾಚಿಕೆಪಟ್ಟುಕೊಳ್ಳುತ್ತಾರೆ ಅಂದುಕೊಂಡೆ. ಮೇಷ್ಟ್ರಿಗೆ ನಾಚಿಕೆಯೇ? ಇಡ್ಲಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ನುಂಗಿ ಹೇಳಿದರು:

"ಅದನ್ನೇ ಹೇಳ್ತಿರೋದು ನಾನು. ಅಂಥಾ ಮೇಕಪ್ ಮಾಡಾಕೆ ಈಗ ಯಾರಿಗೆ ಬರ್ತೈತೆ?"

೨. ಬಹಿಷ್ಕಾರ

ಇದಾಗಿ ಸ್ವಲ್ಪ ದಿನಕ್ಕೆ, ಆ ಗೇಟ್‌ಮ್ಯಾನ್ ಕತೆಯನ್ನು ಅಮೆರಿಕದವರು ಹೊಸದಾಗಿ ತೆಗೆದು, ಕನ್ನಡದ ಮಾತು ಅಂಟಿಸಿ ಮೊಬೈಲಿಗೆ ಬಿಟ್ಟರು. ಮೊದಲು ಫೋನ್ ಬಂದದ್ದು ಹೊನ್ನಾಳಿಯ ಬಟ್ಟೆ ಅಂಗಡಿ ಸಾಹುಕಾರರದ್ದು. ಹಲೋ ಇಲ್ಲ, ಆರಾಮ ಇಲ್ಲ, ನೇರ ಬೈಗುಳ.

"ಮಾನ ಮರ್ಯಾದೆ ಐತೇನ್ರೀ ಅಮೆರಿಕದೋರಿಗೆ? ಗೇಟ್‌ಮ್ಯಾನ್ ಜಾಗಕ್ಕೆ ಹೆಂಗಸನ್ನ ತಂದು ಕೂರಿಸವ್ರೆ. ಪ್ಯಾಂಟ್ ಹಾಕ್ಕೊಂಡು, ಒಂದು ಪೇಪರ್ ಲೋಟ ಹಿಡ್ಕೊಂಡು ಓಡಾಡ್ತಾಳೆ. ಗೇಟಂತೂ ಬಟನ್ ಒತ್ತಿದ್ರೆ ಏಳ್ತೈತೆ!"

"ನೋಡಿದ್ರಾ ನೀವು?"

"ಥೂ! ಆ ಹೊಲಸನ್ನ ನಾನ್ಯಾಕೆ ನೋಡ್ಲಿ?"

"ಮತ್ತೆ ಪೇಪರ್ ಲೋಟ ಹೆಂಗೆ ಗೊತ್ತಾಯ್ತು?"

"ಅದು ಐದನೇ ಕಂತಲ್ಲಿ ಐತೆ."

"ಒಟ್ಟು ಎಷ್ಟು ಕಂತು?"

"ಎಂಟು. ಎಂಟಕ್ಕೆ ಎಂಟೂ ದರಿದ್ರ. ಎರಡು ಸಲ ನೋಡಿದ್ರೂ ಒಂದು ಒಳ್ಳೇದು ಕಾಣ್ಲಿಲ್ಲ. ಅದೆಲ್ಲ ಹಾಳಾಗ್ಲಿ, ಕೊನೆಗೆ ತಮ್ಮ ಬರೋದೇ ಇಲ್ಲ ಕಣ್ರೀ! ಕತೆಯ ಕುತ್ತಿಗೇನೇ ಹಿಸುಕಿಬಿಟ್ರು. ನಾನು ಬಿಡೋನಲ್ಲ. ಇವತ್ತೇ ಅದರ ಕನೆಕ್ಷನ್ ಕಿತ್ತುಹಾಕಿಸ್ತೀನಿ. ಹೊನ್ನಾಳಿ ಅಂದ್ರೆ ಏನು ಅಂತ ಗೊತ್ತಾಗ್ಬೇಕು ಅವರಿಗೆ."

ಕನೆಕ್ಷನ್ ಇದ್ದದ್ದು ದಾವಣಗೆರೆಯ ಅಳಿಯನ ಹೆಸರಲ್ಲಿ ಅಂತ ಇವರ ನಂಬಿಕೆ. ಅಳಿಯನಿಗೆ ಫೋನ್ ಮಾಡಿ, "ನಮ್ಮ ಸಂಸ್ಕೃತಿ ಉಳೀಬೇಕು ಅಂದ್ರೆ ಈಗಲೇ ತೆಗೆಸಿಬಿಡಪ್ಪ" ಅಂತ ಆಜ್ಞೆ ಮಾಡಿದರಂತೆ. ಅಳಿಯ ಹೇಳಿದನಂತೆ:

"ತೆಗೆಸಾಕೆ ಆಗಲ್ಲ ಮಾವ. ನಾನೇ ಪಕ್ಕದ ಮನೆಯೋರ ಪಾಸ್‌ವರ್ಡಲ್ಲಿ ನೋಡ್ತಿರೋದು."

೩. ಹೋಳಿಗೆ ಪಂಕ್ತಿ

ಚನ್ನಗಿರಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಮೇಷ್ಟ್ರು, ಬಲಕ್ಕೆ ಹೊನ್ನಾಳಿ ಸಾಹುಕಾರರು, ಅವರಾಚೆ ನ್ಯಾಮತಿ ಟೈಲರ್ ಸಾಹೇಬರು, ಕೊನೆಗೆ ಜಗಳೂರು ಸೀಮೆ ಬಿಳಿಚೋಡಿನಿಂದ ಬಂದಿದ್ದ ನಮ್ಮ ಭಾವ, ನನ್ನ ಅಕ್ಕನ ಗಂಡ. ಭಾವನದು ಕುರಿ ವ್ಯವಹಾರ. ಎದುರು ಪಂಕ್ತಿಯಲ್ಲಿ ಹೆಂಗಸರು, ಅವರಲ್ಲಿ ಸರಿಯಾಗಿ ನನ್ನ ಎದುರಿಗೆ ನನ್ನ ಹೆಂಡತಿ.

ಸಾಹುಕಾರರು ಶುರು ಮಾಡಿದರು. "ಒಳ್ಳೇ ಕತೆ ಕೆಡಿಸಿಬಿಟ್ರು ರೀ ಅಮೆರಿಕದೋರು. ಎಷ್ಟು ಚೆನ್ನಾಗಿತ್ತು! ತಮ್ಮ ರೈಲಿಂದ ಇಳಿದು, ಗೇಟಿನ ಪಕ್ಕದಲ್ಲೇ ಬಟ್ಟೆ ಅಂಗಡಿ ಇಡೋದು..."

ಮೇಷ್ಟ್ರು ತಲೆ ಎತ್ತಿದರು. "ಬಟ್ಟೆ ಅಂಗಡಿನಾ? ತಮ್ಮ ಹೆಡ್ಮಾಸ್ತರ್ ಆಗಿ ಬರ್ತಾನಲ್ರೀ!"

"ಇಬ್ರೂ ತಪ್ಪು," ಅಂದರು ಟೈಲರ್ ಸಾಹೇಬರು. "ಗೇಟ್‌ಮ್ಯಾನ್‌ಗೆ ಕಣ್ಣು ಹೋಗಿರ್ತೈತೆ. ತಮ್ಮನ ಅಂಗಿ ಹೊಲಿಗೆ ಮುಟ್ಟಿ ನೋಡಿ ಗುರುತು ಹಿಡೀತಾನೆ. ಖುದ್ದು ಕೇಳಿದೀನಿ ನಾನು. ಆವತ್ತು ಅತ್ತುಬಿಟ್ಟಿದ್ದೆ."

ನಮ್ಮ ಭಾವ ಅನ್ನಕ್ಕೆ ಸಾರು ಕಲಸುತ್ತಾ ನಕ್ಕರು. "ನಿಮಗೆಲ್ಲ ಏನಾಗೈತೆ? ತಮ್ಮ ಬರೋದು ಇನ್ನೂರು ಕುರಿ ಹೊಡ್ಕೊಂಡು. ಕುರಿ ಹಳಿ ದಾಟೋವರೆಗೂ ರೈಲೇ ನಿಲ್ತೈತೆ."

ಅಯ್ಯೋ ಶಿವನೇ! ಯಾರ ಮನೆಯಲ್ಲಿ ಯಾವುದು ರುಚಿಸುತ್ತದೋ ಅದನ್ನೇ ಬಡಿಸಿ ಬಂದಿದ್ದೆ. ನಾಲ್ಕು ಊರಿನ ಗಿರಾಕಿಗಳು ಒಂದೇ ಬಾಳೆಎಲೆ ಸಾಲಿಗೆ ಬಂದು ಕೂರುತ್ತಾರೆ ಅಂತ ಯಾರು ಕಂಡಿದ್ದರು?

"ನಿಮಗೆ ಯಾರು ಹೇಳಿದ್ದು?" ಮೇಷ್ಟ್ರು ಕೇಳಿದರು. ನಾಲ್ಕು ಕೈ ನನ್ನ ಕಡೆ ತಿರುಗಿದವು, ಮೇಷ್ಟ್ರದ್ದೂ ಸೇರಿ. ಒಂದರಿಂದ ತುಪ್ಪ ತೊಟ್ಟಿಕ್ಕುತ್ತಿತ್ತು.

"ಬಹಳ ಕಂತು ಇತ್ತು ನೋಡಿ," ಅಂದೆ ನಾನು. "ಎಲ್ಲಾನೂ ಆಗಿತ್ತು."

"ಎಲ್ಲಾನೂ ಹೆಂಗೆ ಆಗ್ತೈತೆ? ಒಬ್ಬನೇ ತಮ್ಮ!" ಸಾಹುಕಾರರು ಎಲೆ ಕುಟ್ಟಿದರು.

ಮೇಷ್ಟ್ರು ತೀರ್ಪು ಕೊಟ್ಟರು. ಹಳೇದು ಇಂಟರ್‌ನೆಟ್ಟಿನಲ್ಲಿ ಇದೆಯಂತೆ, ಈ ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಕೊನೇ ಕಂತು ಹಾಕುವುದು, ಎಲ್ಲರೂ ಬರುವುದು. ಭಾವನೂ ಅಲ್ಲಿವರೆಗೆ ಚನ್ನಗಿರಿಯಲ್ಲೇ ಉಳಿಯುವುದು. ಬಡಿಸುವವನು ಇನ್ನೊಂದು ಹೋಳಿಗೆ ಹಿಡಿದು ನನ್ನ ಮುಂದೆ ಬಗ್ಗಿದ. ಎದುರಿನಿಂದ ನನ್ನ ಹೆಂಡತಿ ಹೇಳಿದಳು:

"ಅವರಿಗೆ ಹಾಕಬ್ಯಾಡಪ್ಪ. ಮೊದಲಿಂದೇ ಇನ್ನೂ ಗಂಟಲಲ್ಲಿ ಐತೆ."

೪. ಕೊನೇ ಕಂತು

ಭಾನುವಾರದವರೆಗೆ ನನಗೆ ನಿದ್ದೆಯಿಲ್ಲ. ಹೊಟ್ಟೆನೋವು ಅಂದೆ, ಹೆಂಡತಿ ಓಮದ ನೀರು ಕೊಟ್ಟಳು. ಮೊಣಕಾಲು ಹಿಡಿದಿದೆ ಅಂದೆ, "ಬೈಕಲ್ಲಿ ಹೋಗಾಣ ಬಿಡ್ರಿ" ಅಂದಳು. ಬಿಡುವ ಹೆಂಗಸಲ್ಲ. ಹೋದೆವು.

ಮೇಷ್ಟ್ರ ಮನೆಯ ಹೊಸ ಟಿವಿ ಗೋಡೆಯಷ್ಟು ಅಗಲ. ನಾಲ್ಕೂ ಮಂದಿ ಮುಂದೆ ಕೂತಿದ್ದರು. ನಾನು ಬಾಗಿಲ ಹತ್ತಿರ, ಪಕ್ಕದಲ್ಲಿ ಹೆಂಡತಿ. ಕಂತು ಶುರುವಾಯಿತು. ಚಿತ್ರ ತೊಳೆದಿಟ್ಟ ಹಾಗೆ ಸ್ವಚ್ಛ. ಶುರುವಾದ ಗಳಿಗೆಯಲ್ಲೇ ಮೇಷ್ಟ್ರಿಗೆ ಸಂಶಯ. "ಗೇಟ್‌ಮ್ಯಾನ್‌ಗೆ ಮೀಸೆ ಎಲ್ಲಿತ್ತು?" ಅಂದರು. ಮೀಸೆ ಮೊದಲಿಂದಲೂ ಇದ್ದದ್ದೇ, ಇವರಿಗೆ ಕಂಡಿರಲಿಲ್ಲ ಅಷ್ಟೆ.

ರೈಲು ಬಂತು. ಗೇಟ್‌ಮ್ಯಾನ್ ಒಂದೊಂದೇ ಕಿಟಕಿ ನೋಡಿದ. ಯಾರೂ ಇಳಿಯಲಿಲ್ಲ. ರೈಲು ಹೋಯಿತು. ಅವನು ಗೇಟು ಎತ್ತಿದ, ಒಂದು ಎತ್ತಿನಗಾಡಿ ದಾಟಿತು, ಒಳಗೆ ಹೋಗಿ ಟೀಗೆ ನೀರಿಟ್ಟ. ಮುಗಿಯಿತು.

ತಮ್ಮ ಬರಲೇ ಇಲ್ಲ. ಹೆಡ್ಮಾಸ್ತರ್ ಇಲ್ಲ, ಬಟ್ಟೆ ಅಂಗಡಿ ಇಲ್ಲ, ಅಂಗಿ ಹೊಲಿಗೆ ಇಲ್ಲ, ಒಂದು ಕುರಿಮರಿಯೂ ಇಲ್ಲ. ಇಡೀ ಭೂಮಿಯ ಮೇಲೆ ಆ ಕತೆಗೆ ನಿಯತ್ತಾಗಿ ನಡೆದುಕೊಂಡವರು ಅಮೆರಿಕದವರೊಬ್ಬರೇ.

ಮೊದಲು ಬಾಯಿ ಬಿಟ್ಟವರು ಸಾಹುಕಾರರು.

"ನೋಡಿದ್ರಾ ಕಳ್ಳರ ಕೆಲಸ? ಹೊಸದನ್ನ ಕೆಡಿಸಿದ್ದು ಸಾಲದು ಅಂತ ಹಳೇದನ್ನೂ ತಿದ್ದಿ ಹಾಕವ್ರೆ!"

"ಕಂಪ್ಯೂಟರಲ್ಲಿ ಏನು ಬೇಕಾದ್ರೂ ಮಾಡ್ತಾರೆ," ಅಂದರು ಟೈಲರ್ ಸಾಹೇಬರು. "ಮೀಸೆ ಇಟ್ಟಿಲ್ವಾ?"

"ಕುರೀನೆಲ್ಲಾ ಅಳಿಸಿಬಿಟ್ರು," ಅಂದರು ಭಾವ. ನಿಜವಾಗಿಯೂ ಅವರಿಗೆ ಬೇಜಾರಾಗಿತ್ತು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಅಸಲಿ ನೋಡಿದ ಸಾಕ್ಷಿ ಅಂತ ಉಳಿದಿರೋರು ನೀವೊಬ್ರೇ. ಹೇಳ್ರಿ, ಇದು ಅಸಲಿನಾ?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಇನ್ನೊಂದು ಬುರುಡೆ ಬಿಡುವುದು ನನ್ನಿಂದ ಆಗಲಿಲ್ಲ. ಹೋಗಲಿ ಅತ್ಲಾಗೆ, ಮರ್ಯಾದೆ ಹೋದರೆ ಒಂದೇ ಸಲ ಹೋಗಲಿ ಅಂತ ಎದ್ದು ನಿಂತೆ.

"ಇದೇ ಅಸಲಿ. ನಾನು ಒಂದು ಕಂತೂ ನೋಡಿಲ್ಲ. ನಿಮಗೆ ಹೇಳಿದ್ದೆಲ್ಲ ನನ್ನ ಕಟ್ಟುಕತೆ. ಟೀಗೋಸ್ಕರ ಹೇಳಿದ್ದು."

ಒದೆ ಬೀಳುತ್ತದೆ ಅಂದುಕೊಂಡೆ. ಸಾಹುಕಾರರು ಹೇಸಿಗೆ ಕಂಡ ಹಾಗೆ ಮುಖ ಸಿಂಡರಿಸಿದರು.

"ನೀವೂ ಅಮೆರಿಕದೋರ ಕಡೆ ಸೇರಿಬಿಟ್ರಾ?"

"ಇಲ್ಲ ಇಲ್ಲ, ವಯಸ್ಸಾಯ್ತಲ್ಲ, ಪಾಪ," ಅಂತ ಭಾವ ನನ್ನ ಪರ ವಹಿಸಿದರು. "ಮನೇಲೂ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕ್ತಿರ್ತಾರೆ."

"ಅಂಥಾ ಕತೆ ಕಟ್ಟಾಕೆ ಇವರಿಗೆಲ್ಲಿ ಬರ್ತೈತೆ?" ಅಂದರು ಮೇಷ್ಟ್ರು. "ಬುದ್ಧಿವಂತರು ಬರೆದಿದ್ದು ಅದು." ಮರುಕದಿಂದ ನನಗೊಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಹೊರಗೆ ಬಂದು ಬೈಕಿನ ಹತ್ತಿರ ನಿಂತೆ. ಈಗ ಅಸಲಿ ತೀರ್ಪು ಬರುತ್ತದೆ ಅಂತ ತಲೆ ತಗ್ಗಿಸಿದ್ದೆ. ಹೆಂಡತಿ ಸೆರಗು ಸರಿಮಾಡಿಕೊಂಡಳು.

"ನನಗೆ ಆವಾಗಲೇ ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ತಮ್ಮ ಬರಲ್ಲ ಅಂತ. ಕರೆಂಟ್ ಹೋದ್ರೆ ನಮ್ಮಪ್ಪ ಟ್ರ್ಯಾಕ್ಟರ್ ಬ್ಯಾಟ್ರಿ ಬಿಚ್ಚಿ ತಂದು ಟಿವಿಗೆ ಕೊಡ್ತಿದ್ರು. ಊರೋರೆಲ್ಲ ಬಂದು ಕೂತ್ಕೊಂತಾರೆ ಅಂತ ಕದ ಹಾಕ್ಕೊಂಡು ನೋಡ್ತಿದ್ವಿ. ಒಂದು ಕಂತೂ ಬಿಟ್ಟಿಲ್ಲ."

"ಮತ್ತೆ ಪ್ರತಿ ಗುರುವಾರ ಮುಂದೇನಾಯ್ತು, ಮುಂದೇನಾಯ್ತು ಅಂತ ಕೇಳ್ತಿದ್ದೆಯಲ್ಲೇ?"

"ಕತೆ ಗೊತ್ತಿತ್ತು. ನೀವು ಏನು ಹೇಳ್ತೀರಿ ಅನ್ನೋದು ಗೊತ್ತಿರಲಿಲ್ಲ. ನೀವು ಅತ್ಲಾಗೆ ಹೋದ ಮೇಲೆ ಮನೆಮಂದಿಯೆಲ್ಲ ಸೇರಿ ನಗ್ತಿದ್ವಿ."

"ಮನೆಮಂದಿಯೆಲ್ಲನಾ? ನಿಮ್ಮಪ್ಪನೂ?"

"ಮತ್ತೇನು? ತಮ್ಮ ರೈಲಿಂದ ಇಳಿದು, ಅಣ್ಣಂಗೆ ಗೋವಿನಕೋವಿಲಿ ಒಂದು ಹೆಣ್ಣು ಗೊತ್ತು ಮಾಡಿದ ಅಂತ ಕೊನೆಗೆ ಹೇಳಿದ್ರಲ್ಲ, ನಮ್ಮಪ್ಪ ಹಿತ್ತಲಿಗೆ ಹೋಗಿ ಹೊಟ್ಟೆ ಹಿಡ್ಕೊಂಡು ನಕ್ಕು ಬಂದ್ರು. ಬಂದು ನಮ್ಮವ್ವಂಗೆ ಹೇಳಿದ್ರು: 'ಹುಡುಗ ಮಹಾ ಸುಳ್ಳ. ಹಿಂದಿ ಧಾರಾವಾಹಿ ಒಳಗೆ ಗೋವಿನಕೋವಿ ತಂದುಬಿಟ್ಟ. ಇನ್ನೂ ತಡ ಮಾಡಿದ್ರೆ ನನ್ನೂ ತರ್ತಾನೆ, ಬೇಗ ಕೊಟ್ಟುಬಿಡಾಣ.'"