ಪೌಲೋಸನ ಹಲ್ಲಿನ ಪಾದರಸ

ಕಡಬದ ಪೌಲೋಸನ ಹಲ್ಲಿನ ತೂತಿಗೆ ಪುತ್ತೂರಿನ ಡಾಕ್ಟರು ಬೆಳ್ಳಿ ತುಂಬಿಸಿದ್ದರು. ಬಾಯಲ್ಲಿ ಬೆಳ್ಳಿ ಇಟ್ಟುಕೊಂಡು ಸುಮ್ಮನಿರುವುದು ಯಾರಿಗೆ ಸಾಧ್ಯ? ಮರುದಿನ ಬೆಳಗ್ಗೆ ಹೋಟೆಲಿನ ಬೆಂಚಿನಲ್ಲಿ ಕೂತು ನಾಲ್ಕು ಜನರಿಗೆ ಬಾಯಿ ತೆರೆದು ತೋರಿಸಿದ. ಅವನು ಮಾಡಿದ ತಪ್ಪು ಅಷ್ಟೇ.

ಒಳಗೆ ಇಣುಕಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ರಾಧಾಕೃಷ್ಣ. ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ಮೊದಲು ಹೆದರಿಸುವ ಹಕ್ಕು ಅವರದೇ.

"ಇದು ಬರೀ ಬೆಳ್ಳಿ ಅಲ್ಲ ಮಾರಾಯ, ಪಾದರಸ ಸೇರಿಸಿದ್ದಾರೆ. ಜ್ವರ ನೋಡುವ ಕಡ್ಡಿಯೊಳಗೆ ಉಂಟಲ್ಲ, ಅದೇ. ಘೋರ ವಿಷ!"

"ಗಟ್ಟಿಯಾಗಿ ಕೂತಿದೆಯಲ್ಲ ಸಾರ್?"

"ಕಡ್ಡಿಯಲ್ಲಿಯೂ ಕೂತೇ ಇರುದು. ಬಿಸಿ ತಾಗಿದರೆ ಎಂತ ಮಾಡ್ತದೆ? ಮೇಲೆ ಏರ್ತದೆ. ನಿನ್ನದು ಮೇಲಿನ ದವಡೆ. ಅಲ್ಲಿಂದ ಮಿದುಳಿಗೆ ಎಷ್ಟು ದೂರ? ನಾಲ್ಕಿಂಚು!"

ಪೌಲೋಸ ಬಾಯಿಯವರೆಗೆ ತಂದ ಬಿಸಿ ಚಹಾವನ್ನು ಕೆಳಗಿಟ್ಟ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್ಡನ್ನು ದಿನಾ ಬರಿಗೈಯಲ್ಲಿ ಕಲಕುವವನಿಗೆ ಹೆದರಲು ಈ ನಾಲ್ಕಿಂಚು ಸಾಕಾಯಿತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹೆಂಡತಿ ಕೊಚ್ಚುತ್ರೇಸ್ಯಳಿಗೆ ಈಗ ಏಳು ತಿಂಗಳು. ಮಗುವಿನ ಮುಖ ನೋಡದೆ ಸತ್ತರೆ? ಸಾಯದೆ ಹುಚ್ಚು ಹಿಡಿದರೆ ಇನ್ನೂ ಕಷ್ಟ, ಮಗು ಎದುರಿಗಿದ್ದರೂ ಗುರುತು ಸಿಗಲಿಕ್ಕಿಲ್ಲ.

ಹೆಗಲ ಮೇಲಿದ್ದ ಬೈರಾಸನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು ಪುತ್ತೂರಿನ ಬಸ್ಸು ಹತ್ತಿದ. ಖಾಲಿಯಿದ್ದ ಸೀಟು ಒಂದೇ, ಅದೂ ಬಿಸಿ ಇಂಜಿನಿನ ಪಕ್ಕ. ಪಾದರಸ ಏರಿದರೆ ಎಂದು ಪುತ್ತೂರಿನವರೆಗೂ ನಿಂತೇ ಹೋದ. ಅವನ ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡವರೆಲ್ಲ ಅವನಿಗಿಂತ ಮೊದಲೇ ಅವನಿಗೆ ಹುಚ್ಚೆಂದು ತೀರ್ಮಾನಿಸಿದರು.

"ಗಟ್ಟಿಯಾದ ಮೇಲೆ ಅದು ಎಲ್ಲಿಗೂ ಏರುದಿಲ್ಲ. ಇನ್ನು ಇಪ್ಪತ್ತು ವರ್ಷ ಬಾಳುವ ಹಲ್ಲು ಇದು" ಎಂದರು ಡಾಕ್ಟರು.

"ಬಾಳಬೇಕಾದ್ದು ಹಲ್ಲಲ್ಲ ಡಾಕ್ಟ್ರೆ, ನಾನು. ತೆಗೀರಿ!"

ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹಲ್ಲು ಕಾಗದದ ಪೊಟ್ಟಣದಲ್ಲಿ ಅವನ ಕಿಸೆಗೂ, ಹತ್ತಿ ಅವನ ಬಾಯಿಗೂ ಸೇರಿದವು. ಬಾಯಿ ಬಿಡಬಾರದೆಂದು ಅಪ್ಪಣೆಯಾಯಿತು. ನೋವಿದ್ದರೂ ಜೀವ ಉಳಿಯಿತಲ್ಲ ಎಂದು ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಕಡಬದ ಅಡಿಕೆ ವ್ಯಾಪಾರಿ ರವೂಫ್. ಬೆಳಗ್ಗೆ ಹೋಟೆಲಿನ ಮಾತನ್ನೆಲ್ಲ ಕೇಳಿಸಿಕೊಂಡವನು.

"ಹಲ್ಲು ತೆಗೆಸಿದ್ದು ಒಳ್ಳೆದಾಯ್ತು. ಆದರೆ ನಿನ್ನೆಯಿಂದ ಇವತ್ತಿನವರೆಗೆ ಹೊಟ್ಟೆಗೆ ಇಳಿದದ್ದು ಒಳಗೇ ಉಂಟಲ್ಲ?"

ಪೌಲೋಸ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ.

"ಹೆದರಬೇಡ. ಪಂಜದಲ್ಲಿ ಆಯುರ್ವೇದದ ವೆಂಕಟ್ರಮಣ ಪಂಡಿತ್ರು ಇದ್ದಾರೆ. ಅವರ ಗುಳಿಗೆಯ ಎದುರು ಯಾವ ವಿಷವೂ ನಿಲ್ಲುದಿಲ್ಲ."

ಪಂಜದ ಬಸ್ಸು ಹೊರಡುವುದರಲ್ಲಿತ್ತು. ರವೂಫ್ ಅವಸರದಲ್ಲಿ ಒಂದು ಚೀಟಿಯಲ್ಲಿ 'ಇವರ ಮೈಗೆ ವಿಷ ಹೊಕ್ಕಿದೆ' ಎಂದಷ್ಟೇ ಗೀಚಿ, ಅದನ್ನು ಬಾಯಿ ಬಿಡುವಂತಿಲ್ಲದ ಪೌಲೋಸನ ಕೈಗೆ ತುರುಕಿ ಬಸ್ಸಿನೊಳಗೆ ದೂಡಿದ.

ಪಂಡಿತರು ಚೀಟಿ ಓದಿ, ನಾಡಿ ಹಿಡಿದು, ಹೆಚ್ಚು ಕೇಳದೆ ಹತ್ತಿ ತೆಗೆಸಿದರು. ಮೂರು ಕಪ್ಪು ಗುಳಿಗೆಗಳನ್ನು ಜೇನಿನಲ್ಲಿ ಅರೆದು ಕೊಟ್ಟರು. ಪೌಲೋಸ ಒಂದು ಚೂರೂ ಬಿಡದೆ ನೆಕ್ಕಿದ. ಇಡೀ ದಿನದಲ್ಲಿ ಮೊದಲ ಸಲ ಅವನಿಗೆ ಧೈರ್ಯ ಬಂತು, ಕಣ್ಣಲ್ಲಿ ನೀರೂ ಬಂತು.

"ಪಂಡಿತ್ರೆ, ನನ್ನ ಮಗುವಿಗೆ ಅಪ್ಪನನ್ನು ಉಳಿಸಿಕೊಟ್ರಿ. ಇನ್ನು ಮೈಯಲ್ಲಿ ಪಾದರಸ ಸ್ವಲ್ಪವೂ ಇರುದಿಲ್ಲ ಅಲ್ವಾ?"

"ಪಾದರಸವಾ? ಅದಕ್ಕೆ ಯಾರಾದರೂ ಹೆದರುದುಂಟಾ ಮಾರಾಯ್ರೆ? ನೀವು ಈಗ ನೆಕ್ಕಿದ್ದು ಮತ್ತೆಂತ? ಗಂಧಕದ ಜೊತೆ ತಿಂಗಳುಗಟ್ಟಲೆ ಅರೆದ ಪಾದರಸವೇ!"

ಪೌಲೋಸ ಕಿಸೆಯ ಪೊಟ್ಟಣ ಬಿಚ್ಚಿ ಹಲ್ಲನ್ನು ಅವರ ಮುಂದಿಟ್ಟ. ಪಂಡಿತರು ಅದನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿದರು.

"ಛೆ, ಇಷ್ಟು ಗಟ್ಟಿ ಹಲ್ಲನ್ನು ಯಾಕೆ ತೆಗೆಸಿದ್ರಿ? ಇದರೊಳಗಿನದ್ದು ಇದ್ದಲ್ಲೇ ಇರ್ತಿತ್ತು. ನನ್ನ ಗುಳಿಗೆಯದ್ದು ಹಾಗಲ್ಲ, ಮೈಯಿಡೀ ಓಡ್ತದೆ."