ಎಂಜಿನ್ ಆರಿದ ಮೇಲೂ ತಿರುಗುವ ಫ್ಯಾನಿನ ಕುರಿತು

ಇಂದ:
ಅಂತಿಮಯಾತ್ರೆ ವ್ಯಾನಿನ ಚಾಲಕ (ಮುಂದೆ ‘ಅರ್ಜಿದಾರ’ ಎಂದು ಕರೆಯಲ್ಪಡುವವನು),
ವಾಹನ ಶೆಡ್ಡು, ನೀರಿನ ಟ್ಯಾಂಕರಿನ ಹಿಂಬದಿ.

ಗೆ:
ಮಾನ್ಯ ಮೇಲ್ವಿಚಾರಕರು,
ವಾಹನ ವಿಭಾಗ, ಮೇಲಿನ ಮಹಡಿ.

ವಿಷಯ: ಹಳೆಯ ವ್ಯಾನಿಗೆ ಅಳವಡಿಸಿರುವ ಎಲೆಕ್ಟ್ರಿಕ್ ಫ್ಯಾನನ್ನು ಕಿತ್ತುಹಾಕದಿರುವ ಬಗ್ಗೆ.

ಉಲ್ಲೇಖ: 1. ‘ಆ ದರಿದ್ರ ಫ್ಯಾನು ಕಿತ್ತು ಬಿಸಾಕು’ ಎಂದು ತಾವು ಸ್ಮಶಾನದ ಗೇಟಿನ ಬಳಿ ನೀಡಿದ ಮೌಖಿಕ ಆದೇಶ.
2. ಸದರಿ ಆದೇಶದ ಲಿಖಿತ ರೂಪ (‘ದರಿದ್ರ’ ಎಂಬಲ್ಲಿ ‘ಅನಧಿಕೃತ’ ಎಂದು ತಿದ್ದಲಾಗಿದೆ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ‘ನಾನು, ನಾನು’ ಎಂದು ಬರೆಯಹೊರಟರೆ ಅರ್ಜಿದಾರನ ಪೆನ್ನು ಮುಂದಕ್ಕೆ ಹೋಗದಿರುವ ಕಾರಣ, ಕಚೇರಿ ಗುಮಾಸ್ತರ ಸಲಹೆಯಂತೆ ನಡೆದದ್ದನ್ನು ಬೇರೆ ಯಾರದೋ ಕತೆಯೆಂಬಂತೆ ನಿವೇದಿಸಿಕೊಳ್ಳಲಾಗಿದೆ.

1. ಸದರಿ ವ್ಯಾನಿನ ಎಂಜಿನ್ ತಣಿಸುವ ಮೂಲ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿಗೆ ಕಟ್ಟಿಬಿದ್ದದ್ದು. ಎಂಜಿನ್ ಓಡಿದರೆ ಅದೂ ಓಡುತ್ತದೆ, ತೆವಳಿದರೆ ಅದೂ ತೆವಳುತ್ತದೆ. ಬೇರೆ ಗಾಡಿಗಳಿಗೆ ಓಟದ ಗಾಳಿಯಾದರೂ ಸಿಗುತ್ತದೆ. ಈ ಗಾಡಿಯ ಕೆಲಸವೇ ಅಳುತ್ತಾ ನಡೆಯುವವರ ಜೊತೆ ನಡೆಯುವುದು. ಕಾರಣ, ರೇಡಿಯೇಟರಿನ ನೀರು ನಡುದಾರಿಯಲ್ಲೇ ಕುದಿಯುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರ ಅಂತಿಮಯಾತ್ರೆ ಮಾರುಕಟ್ಟೆಯ ತಿರುವಿನಲ್ಲಿ ಹಬೆಯೊಳಗೆ ನಿಂತುಹೋದಾಗ, ಅವರ ಹಳೆಯ ವಿದ್ಯಾರ್ಥಿಗಳೇ ವ್ಯಾನನ್ನು ತಳ್ಳಬೇಕಾಯಿತು. “ನಮ್ಮನ್ನ ಕ್ಲಾಸಿಂದ ಕ್ಲಾಸಿಗೆ ತಳ್ಳಿದೋರು ಅವರೇ. ಇವತ್ತು ನಮ್ಮ ಸರದಿ, ತಳ್ರೋ!” ಎಂದು ಒಬ್ಬರು ಕೂಗಿದರು. ಅರ್ಜಿದಾರನಿಗೆ ಸ್ಟಿಯರಿಂಗ್ ಹಿಂದೆಯೇ ಇಂಗಿಹೋಗುವಷ್ಟು ನಾಚಿಕೆಯಾಯಿತು.

2. ಆದ್ದರಿಂದ ಅರ್ಜಿದಾರನ ಹೆಂಡತಿಯ ತಮ್ಮ, ಮಿಕ್ಸಿ ರಿಪೇರಿ ಮಾಡುವವನು, ಗುಜರಿಗೆ ಬಂದ ಕಾರಿನಿಂದ ಒಂದು ಎಲೆಕ್ಟ್ರಿಕ್ ಫ್ಯಾನು ಬಿಚ್ಚಿ ತಂದು ರೇಡಿಯೇಟರಿನ ಬೆನ್ನಿಗೆ ಕೂರಿಸಿದ. “ಭಾವ, ನೀರು ಕಾದ್ರೆ ತಾನೇ ಶುರುವಾಗುತ್ತೆ, ತಣ್ಣಗಾದ್ರೆ ತಾನೇ ನಿಲ್ಲುತ್ತೆ. ಎಂಜಿನ್ ಆಫ್ ಆಗಿದ್ರೂ ಸೈ. ಇದಕ್ಕೆ ನಿಮ್ಮ ಅಪ್ಪಣೆ ಬೇಕಿಲ್ಲ, ಸ್ವಂತ ಬುದ್ಧಿ ಇದೆ” ಎಂದ. ಸದರಿ ಬುದ್ಧಿಗೆ ಸಮಯ ಸಂದರ್ಭ ತಿಳಿಯದೆಂದು ಅವನೂ ಹೇಳಲಿಲ್ಲ, ಅರ್ಜಿದಾರನೂ ಕೇಳಲಿಲ್ಲ. ಮೊದಲು ವೈರು ತಿರುಗುಮುರುಗಾಗಿ ಗಾಳಿ ಮುಂದಕ್ಕೆ ಬೀಸಿ, ಬಂಪರಿಗೆ ಕಟ್ಟಿದ್ದ ಹೂವೆಲ್ಲ ದಾರಿಯುದ್ದಕ್ಕೂ ಚೆಲ್ಲಿತು. ಜನ ಇದು ಹೊಸ ಸೌಲಭ್ಯವೆಂದು ಮೆಚ್ಚಿಕೊಂಡರು. ಆದರೂ ವೈರನ್ನು ಸರಿಪಡಿಸಲಾಯಿತು.

3. ತದನಂತರ ತಮ್ಮ ಪೂಜ್ಯ ಮಾವನವರ ಅಂತಿಮಯಾತ್ರೆ. ನೆತ್ತಿ ಸುಡುವ ಬಿಸಿಲು, ಇರುವೆ ಸಾಲಿನಂಥ ಮೆರವಣಿಗೆ. ವ್ಯಾನು ಒಮ್ಮೆಯೂ ಕುದಿಯಲಿಲ್ಲ. ಗೇಟಿನ ಬಳಿ ಎಂಜಿನ್ ಆರಿಸಿ ಅರ್ಜಿದಾರ ಕೈಕಟ್ಟಿ ನಿಂತ. ತಾವು ವ್ಯಾನಿನ ಪಕ್ಕ ನಿಂತು, “ಮಾವನವರು ನನ್ನನ್ನ ಮಗನಿಗಿಂತ ಹೆಚ್ಚಾಗಿ ನೋಡ್ಕೊಂಡ್ರು. ಒಂದು ದಿನವೂ ನನ್ನ ಮೇಲೆ ಸಿಟ್ಟಾಗಲಿಲ್ಲ” ಎಂದಿರಿ.

ಆಗ ಫ್ಯಾನು ‘ಬುಸ್ಸ್‌’ ಎಂದಿತು.

ವ್ಯಾನು ಸಣ್ಣಗೆ ನಡುಗಿತು. ಹೊದಿಸಿದ್ದ ಬಟ್ಟೆಯ ಅಂಚೂ ಅಲುಗಿತು. ತಾವು ಮಾತು ನಿಲ್ಲಿಸಿದಿರಿ. ಸ್ವಲ್ಪ ಹೊತ್ತಿಗೆ ಫ್ಯಾನೂ ನಿಂತಿತು. ತಾವು ಬೆವರು ಒರೆಸಿಕೊಂಡು, “ನನ್ನ ಮಾತಂದ್ರೆ ಅವರಿಗೆ ಬಲು ಇಷ್ಟ” ಎಂದಿರಿ. ಮತ್ತೆ ‘ಬುಸ್ಸ್‌’.

ತಮ್ಮ ಅತ್ತೆಯವರು ಕಣ್ಣೊರೆಸಿಕೊಂಡು, “ಅಳಿಯಂದ್ರೇ, ಅವರಿಗೆ ಸುಳ್ಳು ಆಗಿಬರಲ್ಲ ಅಂತ ಗೊತ್ತಲ್ಲ? ಸಾಕು ಮಾಡಿ” ಎಂದರು. ಹಿಂದಿನ ಸಾಲಿನಲ್ಲಿ ಹಲವರ ಹೆಗಲು ಕುಲುಕತೊಡಗಿದವು. ಅದು ಅಳುವಲ್ಲವೆಂದು ತಮಗೂ ತಿಳಿಯಿತು. ಉಲ್ಲೇಖ 1 ಹೊರಬಿದ್ದದ್ದು ಆಗಲೇ.

4. ಉಲ್ಲೇಖ 2 ಕೈಸೇರಿದ ಕೂಡಲೇ ಅರ್ಜಿದಾರ ಸ್ಪ್ಯಾನರ್ ಹಿಡಿದು ಬಾನೆಟ್ ಎತ್ತಿದ್ದು ನಿಜ. ಅಷ್ಟರಲ್ಲಿ ತಮ್ಮ ಅತ್ತೆಯವರು ಒಬ್ಬರೇ ಶೆಡ್ಡಿಗೆ ಬಂದರು.

“ಆ ಸದ್ದು ಇನ್ನೊಂದ್ಸಲ ಕೇಳ್ಬೇಕಿತ್ತಪ್ಪ.”

“ಅಮ್ಮಾ, ಅದು ಫ್ಯಾನು…”

“ಫ್ಯಾನು ಅಂತ ನಂಗೊತ್ತಿಲ್ವಾ? ನಂಗೇನು ಅರಳುಮರಳಾ? ಅವರು ಪೇಪರ್ ಮಡಚಿಡೋವಾಗ ಥೇಟ್ ಹೀಗೇ ಉಸಿರು ಬಿಡ್ತಿದ್ರು. ಈಗ ಮನೇಲಿ ಹಾಗೆ ಬಿಡೋರಿಲ್ಲ. ನಿಮ್ಮ ಸಾಹೇಬ್ರು ಗೊರಕೆ ಹೊಡೀತಾರೆ, ಅದು ಬೇರೆ.”

ಅರ್ಜಿದಾರ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ನೀರು ಕಾಯುವವರೆಗೆ ಶೆಡ್ಡಿನ ಅಂಗಳದಲ್ಲೇ ಫಸ್ಟ್ ಗೇರಿನಲ್ಲಿ ಸುತ್ತಿದ. ಎಂಜಿನ್ ಆರಿಸಿದ. ಸ್ವಲ್ಪ ಹೊತ್ತಿಗೆ ಫ್ಯಾನು ಬುಸ್ಸೆಂದಿತು. ಅತ್ತೆಯವರು ಡ್ಯಾಶ್‌ಬೋರ್ಡಿನ ಕಡೆ ನೋಡುತ್ತಾ, “ಅವತ್ತು ಕಿಟಕಿ ಮುಚ್ಚಿದ್ದು ನಾನೇ. ಸೆಕೆ ಆಗ್ತಿದೆ ಅಂತ ನೀವು ಅಂದಿದ್ದೂ ನಿಜವೇ. ತಪ್ಪು ನಂದೇ, ಆಯ್ತಾ? ಈಗ ಸುಮ್ನಿರಿ” ಎಂದರು.

ಫ್ಯಾನು ನಿಂತಿತು.

ನೀರು ತಣ್ಣಗಾಯಿತು, ಆದ್ದರಿಂದ ನಿಂತಿತು ಎಂಬುದು ಅರ್ಜಿದಾರನಿಗೆ ಚೆನ್ನಾಗಿ ಗೊತ್ತು. ಆದರೂ ಅವನು ಕೆಳಗಿಳಿದು, ಟ್ಯಾಂಕರಿನ ಮರೆಗೆ ಹೋಗಿ, ಮುಖ ತೊಳೆದುಕೊಂಡು ಬಂದ. “ನಾಳೇನೂ ಬರ್ತೀನಿ. ಮಾತು ಮುಗಿಯದ ಜಗಳ ಬೇಕಾದಷ್ಟಿದೆ” ಎಂದರು ಅತ್ತೆಯವರು.

5. ಕಾರಣ, ಆದ್ದರಿಂದ ಮತ್ತು ಮೇಲಿನ ಎಲ್ಲ ಅಂಶಗಳ ಮೇರೆಗೆ: ಸದರಿ ಫ್ಯಾನನ್ನು ಇದ್ದಲ್ಲೇ ಇರಲು ಬಿಡಬೇಕಾಗಿಯೂ, ಇನ್ನು ಮುಂದೆ ಗುಣಗಾನ ಮಾಡುವ ಬಂಧುಗಳು ರೇಡಿಯೇಟರಿನಿಂದ ದೂರ ನಿಲ್ಲುವಂತೆ ಸುತ್ತೋಲೆ ಹೊರಡಿಸಬೇಕಾಗಿಯೂ ಪ್ರಾರ್ಥನೆ.

ತಮ್ಮ ವಿಶ್ವಾಸಿ (ತಮಗೆ ವಿಶ್ವಾಸ ಉಳಿದಿರುವ ಮಟ್ಟಿಗೆ),
ಅಂತಿಮಯಾತ್ರೆ ವ್ಯಾನಿನ ಚಾಲಕ

ಲಗತ್ತುಗಳು:
1. ಕಿತ್ತ ಬೋಲ್ಟುಗಳು: ಇಲ್ಲ (ಕಿತ್ತಿರುವುದಿಲ್ಲ).
2. ಹೆಂಡತಿಯ ತಮ್ಮನ ತಪ್ಪೊಪ್ಪಿಗೆ: ಕೊಡಲು ಒಪ್ಪಿರುವುದಿಲ್ಲ.
3. ತಮ್ಮ ಅತ್ತೆಯವರ ಶಿಫಾರಸು: ಮೌಖಿಕ. ಅದರಲ್ಲಿ ತಮ್ಮ ಬಗ್ಗೆ ಬಂದ ಮಾತುಗಳನ್ನು ಕಚೇರಿ ಭಾಷೆಗೆ ಇಳಿಸಲು ಗುಮಾಸ್ತರಿಂದಲೂ ಆಗಲಿಲ್ಲ.

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ, ಸದರಿ ತಿರಸ್ಕಾರವನ್ನು ತಮ್ಮ ಅತ್ತೆಯವರಿಗೆ ತಾವೇ ಖುದ್ದಾಗಿ ತಿಳಿಸಬೇಕೆಂದು ಕೋರಿಕೆ. ಅವರು ಇದೀಗ ವ್ಯಾನಿನ ಮುಂದಿನ ಸೀಟಿನಲ್ಲೇ ಕುಳಿತಿದ್ದಾರೆ. ನೀರು ಕಾಯುತ್ತಿದೆ.