ಸಾಹೇಬರು ಥಟ್ಟನೆ ಹೇಳಿದ್ದು

ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತನೊಬ್ಬ ನಲವತ್ತಾರರ ವಯಸ್ಸಿನಲ್ಲಿ ಅಂಚೆ ತೆರಪಿನ ಶಿಕ್ಷಣದ ಮೂಲಕ ಮನಃಶಾಸ್ತ್ರದ ಬಿ.ಎ.ಗೆ ಸೇರಿದರೆ ಇಂಥವು ಆಗುತ್ತಲೇ ಇರುತ್ತವೆ. ಆಗದಿದ್ದರೆ ಅವನು ಓದುತ್ತಿಲ್ಲವೆಂದು ತಿಳಿಯಬೇಕು. ಹರೆಯದಲ್ಲಿ ಕೈತಪ್ಪಿದ ಡಿಗ್ರಿ ಅದು. ಈ ಸಲವೂ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಮುಖ ನನಗಿರಲಿಲ್ಲ.

ಪಕ್ಕದ ಮನೆ

ಸುದ್ದಿ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಹಬ್ಬಿದ ಸಂಜೆಯೇ ಪಕ್ಕದ ಮನೆಯ ಮೈಸೂರಿನ ಅಕ್ಕ ಬಂದರು.

“ನಮ್ಮನೆಯವರ ಮನಸ್ಸಲ್ಲಿ ಏನಿದೆ ಅಂತ ಸ್ವಲ್ಪ ನೋಡಿ ಹೇಳ್ತೀರಾ?”

“ಇನ್ನೂ ಮೊದಲನೇ ವರ್ಷ ಅಕ್ಕಾ. ಸದ್ಯಕ್ಕೆ ಇಲಿಗಳ ಮನಸ್ಸಿನ ಪಾಠ ನಡೀತಿದೆ.”

“ಹಾಗಾದ್ರೆ ಸರಿಹೋಯ್ತು,” ಎಂದು ಅವರು ಗಂಡನನ್ನು ಕರೆಯಲು ಹೋದರು.

ಆದೇಶಕ್ಕಾಗಿ

ಭಾನುವಾರದ ತರಗತಿ ಕರೋಲ್ ಬಾಗ್‌ನಲ್ಲಿ. ಕೋಪಕ್ಕೆ ಕಾರಣಗಳೇನು ಎಂಬ ಪ್ರಶ್ನೆಗೆ ಉದ್ದ ಉತ್ತರ ಬರೆದೆ. ಕೊನೆಗೆ ಆಫೀಸಿನ ಕೈ ತಾನಾಗಿಯೇ ಹೀಗೆ ಮುಗಿಸಿತು: “ಕೋಪ ಬರಬಹುದೇ ಎಂಬುದನ್ನು ಮೇಲಧಿಕಾರಿಗಳು ತೀರ್ಮಾನಿಸಬಹುದು. ಆದೇಶಕ್ಕಾಗಿ ಮಂಡಿಸಲಾಗಿದೆ.” ಕೆಳಗೆ ಸಹಿ.

ಪಾಠ ಹೇಳುವ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: “ಕೋಪ ಮಂಜೂರಾಗಿದೆ. ನನಗೆ ಬಂದಿದೆ.”

ಪ್ರಾಕ್ಟಿಕಲ್

ಹೇಗೋ ಉಳಿದೆಲ್ಲ ದಾಟಿ ಕೊನೆಯ ವರ್ಷದ ಕೊನೆಯ ಪರೀಕ್ಷೆಯಾದ ಪ್ರಾಕ್ಟಿಕಲ್‌ಗೆ ಬಂದೆ. ನಾನು ಒಂದೊಂದು ಪದ ಹೇಳಬೇಕು. ಎದುರು ಕೂತವರು ಥಟ್ಟನೆ ಮನಸ್ಸಿಗೆ ಬಂದದ್ದನ್ನು ಹೇಳಬೇಕು. ತಡವಾದರೆ ಏಕೆ ತಡವೆಂದು ನಾನು ವಿವರಿಸಬೇಕು. ಎದುರು ಕೂರುವವರನ್ನು ನಾವೇ ಕರೆತರಬೇಕು. ಮನೆಯಲ್ಲಿ ಅಭ್ಯಾಸ ಮಾಡಿ ಮಾಡಿ ಹೆಂಡತಿಗೂ ಮಗಳಿಗೂ ಪದಗಳೆಲ್ಲ ಬಾಯಿಪಾಠವಾಗಿದ್ದವು.

“ಪಪ್ಪಾ, ಬಸ್ ಕರೋ, ಸಾಕು! ನಿಮ್ಮ ಬಾಸ್‌ನ ಕರ್ಕೊಂಡು ಹೋಗಿ,” ಎಂದಳು ಮಗಳು.

ಆಫೀಸಿನಲ್ಲಿ ಸಾಹೇಬರನ್ನು ಕೇಳಿದೆ. ಆಶ್ಚರ್ಯವೆಂದರೆ ಅವರು ಟೈ ಕಟ್ಟಿಕೊಂಡೇ ಬಂದರು. ಪರೀಕ್ಷಕಿ ಪ್ರತಿ ಪದಕ್ಕೂ ಹೊಸದಾಗಿ ಒತ್ತಲು ಸ್ಟಾಪ್‌ವಾಚ್ ಹಿಡಿದರು.

“ಮಳೆ,” ಎಂದೆ.

ಸಾಹೇಬರು ಯೋಚಿಸಿದರು. “ಯಾವ ರಾಜ್ಯದ್ದು?”

“ತಾಯಿ.”

“ಯಾರ ತಾಯಿ? ವಿವರ ಬೇಕಲ್ಲ, ಭಾಯಿ.”

“ಸಾರ್, ಥಟ್ಟನೆ ಹೇಳಬೇಕು.”

“ಇಷ್ಟು ವರ್ಷದ ಸರ್ವಿಸ್‌ನಲ್ಲಿ ನಾನು ಯಾವುದನ್ನೂ ಥಟ್ಟನೆ ಹೇಳಿಲ್ಲ,” ಎಂದರು ಹೆಮ್ಮೆಯಿಂದ.

ನನ್ನ ಡಿಗ್ರಿ ಕಣ್ಣೆದುರೇ ಮುಳುಗುತ್ತಿತ್ತು. ಕೊನೆಯ ಪದ ಹೇಳಿದೆ: “ಕುರ್ಚಿ.”

“ನನ್ನದು!”

ಸ್ಟಾಪ್‌ವಾಚ್ ಇನ್ನೂ ಹೊರಟೇ ಇರಲಿಲ್ಲ.

“ಮೇಡಂ,” ಎಂದೆ, “ಮಳೆ, ತಾಯಿ ಎಂದಾಗ ಸಾಹೇಬರು ತಡಮಾಡಿದ್ದು ಹೊಣೆ ತಮ್ಮ ತಲೆಗೆ ಬಂದೀತೆಂಬ ಭಯದಿಂದ. ಕುರ್ಚಿ ಎಂದಾಗ ಅದು ಬೇರೆಯವರ ಪಾಲಾದೀತೆಂಬ ಭಯ ದೊಡ್ಡದಾಯಿತು.”

“ಬಿಲ್ಕುಲ್ ಸರಿ,” ಎಂದು ಸಾಹೇಬರೇ ತಲೆಯಾಡಿಸಿದರು.

ಪರೀಕ್ಷಕಿ ನಗು ತಡೆದುಕೊಂಡು ಹೇಳಿದರು: “ಇಷ್ಟು ಸ್ಪಷ್ಟವಾದ ಮನಸ್ಸು ಪುಸ್ತಕದಲ್ಲೂ ಸಿಗಲ್ಲ. ನೀವು ಪಾಸ್.”

ಅಂತೂ ನಾನು ಪದವೀಧರ! ಅವರ ಕೈ ಕುಲುಕಲು ಎದ್ದೆ. ಆ ಕೈಯನ್ನು ಸಾಹೇಬರು ಆಗಲೇ ಕುಲುಕುತ್ತಿದ್ದರು.

“ಥ್ಯಾಂಕ್ಯೂ ಮೇಡಂ. ಇದೆಲ್ಲ ನಮ್ಮ ವಿಭಾಗದ ಟೀಮ್‌ವರ್ಕ್.”